ಸತ್ತವರ ಫೋನಿನಲ್ಲಿ ಬದುಕಿರುವವರ ಗುಟ್ಟು: ತುಮಕೂರು ಜಿಲ್ಲಾಡಳಿತಕ್ಕೊಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ತುಮಕೂರು ಜಿಲ್ಲೆ, ಹಾಗೂ
ಮಾನ್ಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಜಿಲ್ಲಾ ಪಂಚಾಯಿತಿ, ತುಮಕೂರು

ವಿಷಯ: ಮರಣ ಹೊಂದಿದವರ ಮೊಬೈಲ್, ಸಿಮ್ ಮತ್ತು ಆನ್‌ಲೈನ್ ಖಾತೆಗಳಲ್ಲಿ ಉಳಿಯುವ ಖಾಸಗಿ ಮಾಹಿತಿಯ ರಕ್ಷಣೆಗೆ, ಅದರಲ್ಲೂ ಆಶಾ ಕಾರ್ಯಕರ್ತೆಯರಂತಹ ಕ್ಷೇತ್ರ ಸಿಬ್ಬಂದಿ ತೀರಿಕೊಂಡ ಸಂದರ್ಭದಲ್ಲಿ, ಜಿಲ್ಲಾ ಮಟ್ಟದಲ್ಲಿ ಕ್ರಮ ಕೈಗೊಳ್ಳುವಂತೆ ಮನವಿ.

ಮಾನ್ಯರೇ,

ನಾನು ಜಿಲ್ಲೆಯ ಉತ್ತರ ಭಾಗದ ತಾಲ್ಲೂಕೊಂದರ ಗ್ರಾಮ ಪಂಚಾಯಿತಿ ಅರಿವು ಕೇಂದ್ರದಲ್ಲಿ ಗ್ರಂಥಾಲಯ ಮೇಲ್ವಿಚಾರಕನಾಗಿ ಕೆಲಸ ಮಾಡುತ್ತಿದ್ದೇನೆ. ಆದರೆ ಈ ಪತ್ರವನ್ನು ಆ ಹುದ್ದೆಯ ನೆಲೆಯಿಂದ ಬರೆಯುತ್ತಿಲ್ಲ. ಕಳೆದ ವರ್ಷ ತೀರಿಕೊಂಡ ಒಬ್ಬ ಆಶಾ ಕಾರ್ಯಕರ್ತೆಯ ಮೈದುನನಾಗಿ ಬರೆಯುತ್ತಿದ್ದೇನೆ. ಕೆಳಗೆ ನನ್ನ ಹೆಸರಾಗಲಿ ಊರಿನ ಹೆಸರಾಗಲಿ ಇಲ್ಲದಿರುವುದನ್ನು ತಾವು ಅನ್ಯಥಾ ಭಾವಿಸಬಾರದು. ನಮ್ಮದು ಎಲ್ಲರ ಮನೆಯೂ ಎಲ್ಲರಿಗೂ ಗೊತ್ತಿರುವ ಊರು. ನನ್ನ ಹೆಸರು ಹಾಕಿದರೆ ಅತ್ತಿಗೆ ಯಾರೆಂದು ತಿಳಿಯುತ್ತದೆ, ಅತ್ತಿಗೆ ಯಾರೆಂದು ತಿಳಿದರೆ ಅವರ ಸುಪರ್ದಿಯಲ್ಲಿದ್ದ ಮನೆಗಳು ಯಾವುವೆಂದು ತಿಳಿಯುತ್ತದೆ, ಅಲ್ಲಿಂದ ಮುಂದಕ್ಕೆ ಊಹಿಸುವುದು ಯಾರಿಗೂ ಕಷ್ಟವಲ್ಲ. ಮುಚ್ಚಿದ ಲಕೋಟೆಯಲ್ಲಿ ತಮ್ಮ ಕಚೇರಿಗಳಿಗೆ ಸಲ್ಲಿಸಿರುವ ಪ್ರತಿಯಲ್ಲಿ ನನ್ನ ಪೂರ್ಣ ವಿಳಾಸವಿದೆ.

ಆಶಾ ಕಾರ್ಯಕರ್ತೆಯ ಕೆಲಸ ಏನೆಂಬುದನ್ನು ತಮಗೆ ಹೇಳಬೇಕಾಗಿಲ್ಲ. ಹಳ್ಳಿಯಲ್ಲಿ ಸುಮಾರು ಸಾವಿರ ಜನರಿಗೊಬ್ಬರು ಎಂಬ ಲೆಕ್ಕದಲ್ಲಿ ನೇಮಕವಾಗುವ ಆಕೆಗೆ ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. ಆದರೂ ಹೆಣ್ಣುಮಕ್ಕಳು ಗಂಡನಿಗೂ ಹೆತ್ತ ತಾಯಿಗೂ ಹೇಳದ್ದನ್ನು ಹೇಳಿಕೊಳ್ಳುವುದು ಆಕೆಯ ಹತ್ತಿರ. ಅತ್ತಿಗೆ ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ಎಲ್ಲವೂ ಒಂದು ದಪ್ಪ ರಿಜಿಸ್ಟರಿನಲ್ಲಿತ್ತು, ಆ ರಿಜಿಸ್ಟರು ಬೀರುವಿನಲ್ಲಿತ್ತು, ಬೀರುವಿನ ಕೀಲಿಕೈ ಅವರ ಸೊಂಟದಲ್ಲಿತ್ತು. ಆಮೇಲೆ ಒಂದೊಂದಾಗಿ ಎಲ್ಲವೂ ಫೋನಿಗೆ ಬಂತು. ಫೋನು ಅವರ ದುಡ್ಡಿನದು, ಸಿಮ್ ಅವರ ಹೆಸರಿನದು, ಅದಕ್ಕೆ ಕರೆನ್ಸಿ ಹಾಕಿಸುತ್ತಿದ್ದವರು ನಮ್ಮ ಅಣ್ಣ. ಒಳಗೆ ಇದ್ದದ್ದು ಮಾತ್ರ ಇಡೀ ಊರಿನದು. ಬಸುರಿಯರ ತಾಯಿ ಕಾರ್ಡಿನ ಪುಟಗಳು, ಆಧಾರ್ ಕಾರ್ಡುಗಳು, ಬ್ಯಾಂಕ್ ಪಾಸ್‌ಪುಸ್ತಕದ ಮೊದಲ ಪುಟ, ಸ್ಕ್ಯಾನಿಂಗ್ ವರದಿಗಳು, ರಕ್ತಪರೀಕ್ಷೆಯ ಚೀಟಿಗಳು, ಕ್ಷಯರೋಗದ ಗುಳಿಗೆ ನುಂಗುತ್ತಿರುವವರ ಫೋಟೊಗಳು, ಕುಟುಂಬ ಯೋಜನೆಯ ಶಸ್ತ್ರಚಿಕಿತ್ಸೆಗೆ ಒಪ್ಪಿದವರ ಪಟ್ಟಿ. ಮೇಲಿನವರು ಗುಂಪಿನಲ್ಲಿ ಫೋಟೊ ಹಾಕಿ ಎಂದಾಗ ಹಾಕಬೇಕು. ಹಾಕಿದ ಮೇಲೆ ಅದು ಫೋನಿನಲ್ಲೂ ಉಳಿಯುತ್ತದೆ. ಕೆಲಸದ್ದು ಬೇರೆ, ಮನೆಯದು ಬೇರೆ ಎಂದು ವಿಂಗಡಿಸಿಡುವಷ್ಟು ಬಿಡುವು ಅವರಿಗೆ ಇರಲಿಲ್ಲ. ಮೊಮ್ಮಗುವಿನ ನಾಮಕರಣದ ಫೋಟೊ ದಾಟಿ ಬೆರಳು ಸರಿಸಿದರೆ ಮತ್ತಾರದೋ ಮನೆಯ ಗರ್ಭಪರೀಕ್ಷೆಯ ವರದಿ.

ಅತ್ತಿಗೆ ಹೃದಯಾಘಾತದಿಂದ ತೀರಿಕೊಂಡರು. ತಿಥಿ ಮುಗಿದ ಮೇಲೆ ಫೋನು ಅಣ್ಣನ ಮಗನ ಕೈಗೆ ಹೋಯಿತು. ಮನೆಯಲ್ಲಿ ಅದಕ್ಕೆ ಯಾರೂ ಎರಡನೇ ಮಾತು ಆಡಲಿಲ್ಲ. ನಮ್ಮ ಕಡೆ ಸತ್ತವರ ಫೋನು ಮನೆಯ ಹುಡುಗರಿಗೆ ಹೋಗುವುದೇ ವಾಡಿಕೆ. ಸಿಮ್ ತೆಗೆದಿಡುವಂತೆಯೂ ಇರಲಿಲ್ಲ. ಬ್ಯಾಂಕಿಗೂ ಗ್ಯಾಸ್ ಬುಕಿಂಗಿಗೂ ಅದೇ ನಂಬರು, ಮನೆಯ ಇನ್ನೂ ನಾಲ್ಕು ಕೆಲಸಕ್ಕೆ ಓಟಿಪಿ ಬರುವುದೂ ಅದಕ್ಕೇ. ವಾಟ್ಸ್‌ಆ್ಯಪ್ ಕೂಡ ನಡೆಯುತ್ತಲೇ ಹೋಯಿತು, ಅತ್ತಿಗೆಯ ನಗುಮುಖದ ಫೋಟೊ ಸಮೇತ. ದೂರದ ತೋಟದ ಮನೆಗಳಲ್ಲಿ, ಪಕ್ಕದ ಹಟ್ಟಿಗಳಲ್ಲಿ ಇರುವವರಿಗೆಲ್ಲ ಸಾವಿನ ಸುದ್ದಿ ಮುಟ್ಟಿರಲಿಲ್ಲ. ಮುಟ್ಟಿದ್ದರೂ ಹೊಸ ಕಾರ್ಯಕರ್ತೆ ಯಾರು, ಅವರ ನಂಬರು ಯಾವುದು ಎಂದು ಯಾರೂ ಹೇಳಿರಲಿಲ್ಲ.

ಒಂದು ಸಂಜೆ ಜಗುಲಿಯ ಮೇಲೆ ನಾಲ್ಕಾರು ಮಂದಿ ಕುಳಿತಿದ್ದಾಗ ಆ ಫೋನಿಗೆ ಒಂದು ವಾಯ್ಸ್ ಮೆಸೇಜ್ ಬಂತು. ಹುಡುಗ ಒತ್ತಿದ. “ಅಕ್ಕಾ, ಮನೇಲಿ ಯಾರೂ ಇಲ್ಲ, ಅದ್ಕೇ ಈಗ ಹೇಳ್ತಾ ಇದೀನಿ, ಯಾರ್ಗೂ ಹೇಳ್ಬೇಡಿ” ಎಂದು ಶುರುವಾದ ಆ ದನಿ ಯಾರದೆಂದು ಅಲ್ಲಿದ್ದ ಎಲ್ಲರಿಗೂ ಕೂಡಲೇ ಗೊತ್ತಾಯಿತು. ನಿಲ್ಲಿಸಲು ಹುಡುಗ ತಡಕಾಡುವಷ್ಟರಲ್ಲಿ ಕೇಳಬಾರದ್ದನ್ನು ಎಲ್ಲರೂ ಕೇಳಿಯಾಗಿತ್ತು. ಮುಂದೆ ಏನಿತ್ತೆಂದು ನಾನು ಬರೆಯುವುದಿಲ್ಲ. ಕುಳಿತಿದ್ದವರಲ್ಲಿ ಒಬ್ಬರು ಆ ಹೆಣ್ಣುಮಗಳ ಗಂಡನ ಮನೆಗೆ ನೆಂಟರು ಎಂದಷ್ಟು ಹೇಳಿದರೆ ಉಳಿದದ್ದು ತಮಗೆ ಅರ್ಥವಾಗುತ್ತದೆ. ತವರಿಗೆ ಹೋದವಳು ಬಹಳ ಕಾಲ ಹಿಂದಿರುಗಲಿಲ್ಲ. ನನ್ನ ಹೆಂಡತಿಯ ಮೂಲಕ ಆಕೆಯನ್ನು ಕೇಳಿ, ಆಕೆ ಒಪ್ಪಿದಷ್ಟನ್ನೇ ಇಲ್ಲಿ ಹೇಳಿದ್ದೇನೆ.

ಹುಡುಗನ ಮೇಲೆ ನಾನು ತಪ್ಪು ಹೊರಿಸಲಾರೆ. ತಾಯಿಯ ನಂಬರಿಗೆ ಬಂದ ಮೆಸೇಜನ್ನು ಮಗ ಒತ್ತುವುದರಲ್ಲಿ ಅಸಹಜವಾದದ್ದು ಏನಿದೆ? ಒತ್ತಬಾರದೆಂದು ಅವನಿಗೆ ಹೇಳಬೇಕಾದವರು ಯಾರು, ಆ ನಂಬರನ್ನು ಸಮಯಕ್ಕೆ ಸರಿಯಾಗಿ ಹಿಂಪಡೆಯಬೇಕಾಗಿದ್ದವರು ಯಾರು ಎಂಬುದು ನನ್ನ ಪ್ರಶ್ನೆ. ಈ ಘಟನೆಯ ನಂತರ ನಾನು ವಿಚಾರಿಸಿದ ಒಂದು ಕಚೇರಿಯಲ್ಲಿ, ಫೋನು ಇಲಾಖೆ ಕೊಟ್ಟದ್ದಲ್ಲವಾದ್ದರಿಂದ ಇದು ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಮಾತು ನಿಜವೇ. ಆದರೆ ಫೋನು ಇಲಾಖೆಯದಲ್ಲವಾದರೂ ಅದರಲ್ಲಿದ್ದ ಪಟ್ಟಿ, ವರದಿ, ಫೋಟೊಗಳನ್ನು ಕೇಳಿ ತರಿಸಿಕೊಳ್ಳುತ್ತಿದ್ದದ್ದು ಇಲಾಖೆಯೇ ಅಲ್ಲವೇ? ಮೊಬೈಲ್ ಕಂಪನಿಯೊಂದರ ಮಳಿಗೆಯಲ್ಲಿ, ಮರಣ ಪ್ರಮಾಣಪತ್ರ ತಂದರೆ ನಂಬರನ್ನು ಮನೆಯವರ ಹೆಸರಿಗೆ ವರ್ಗಾಯಿಸಬಹುದು ಇಲ್ಲವೇ ನಿಲ್ಲಿಸಬಹುದು ಎಂದರು; ನಿಲ್ಲಿಸುವ ಮೊದಲು ಏನೇನು ಮಾಡಿಕೊಳ್ಳಬೇಕು ಎಂದರೆ ಅಲ್ಲಿ ಉತ್ತರವಿರಲಿಲ್ಲ. ಇನ್ನೊಂದು ಅಂಗಡಿಯವರು ಹಳೆಯ ಫೋನು ಕೊಟ್ಟು ಹೊಸದು ತೆಗೆದುಕೊಂಡು ಹೋಗಿ, ಡಿಲೀಟ್ ಮಾಡುವುದನ್ನೆಲ್ಲ ತಾವೇ ನೋಡಿಕೊಳ್ಳುತ್ತೇವೆ ಎಂದರು. ನೋಡಿಕೊಳ್ಳುವ ಮೊದಲು ಅವರು ಏನೇನು ನೋಡುತ್ತಾರೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಸತ್ತವರ ಖಾಸಗಿತನ ಎಂದೊಡನೆ, ಸತ್ತ ಮೇಲೆ ಅವರಿಗೇನು ನಾಚಿಕೆ, ಅವರಿಗೇನು ನಷ್ಟ ಎನ್ನುವವರಿದ್ದಾರೆ. ವಿದ್ಯಾವಂತರ ಬಾಯಲ್ಲೂ ಈ ಮಾತನ್ನು ಕೇಳಿದ್ದೇನೆ. ಅಂಥವರಿಗೆ ನಾನು ಹೇಳುವುದಿಷ್ಟೆ: ಸತ್ತವರ ಫೋನಿನಲ್ಲಿ ಇರುವುದು ಅವರದೊಂದೇ ಗುಟ್ಟಲ್ಲ. ಅವರನ್ನು ನಂಬಿ ಮಾತಾಡಿದ ಪ್ರತಿಯೊಬ್ಬರ ಗುಟ್ಟೂ ಅಲ್ಲಿದೆ, ಅವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ, ಅದೇ ಬೀದಿಯಲ್ಲಿ ನೀರು ಹಿಡಿಯುತ್ತಾರೆ. ಆಶಾ ಕಾರ್ಯಕರ್ತೆಯಲ್ಲಿ ಇದು ಎದ್ದು ಕಾಣುತ್ತದೆ, ಅಷ್ಟೆ. ಅಂಗನವಾಡಿ ಕಾರ್ಯಕರ್ತೆ, ಸ್ತ್ರೀಶಕ್ತಿ ಸಂಘದ ಪ್ರತಿನಿಧಿ, ಶಾಲೆಯ ಮೇಷ್ಟ್ರು, ಚೀಟಿ ನಡೆಸುವವರು, ವಕೀಲರ ಗುಮಾಸ್ತರು, ಇವರೆಲ್ಲರ ಫೋನಿನಲ್ಲೂ ಬೇರೆಯವರ ಬದುಕು ತುಂಬಿಕೊಂಡಿದೆ.

ವೈದ್ಯರ ಮಟ್ಟಿಗೆ ಈ ವಿಚಾರವನ್ನು ಹಿಂದೆಯೇ ಯೋಚಿಸಿದ್ದಾರೆ. ವಿಶ್ವ ವೈದ್ಯಕೀಯ ಸಂಘದ ಜಿನೀವಾ ಘೋಷಣೆ, ರೋಗಿಯು ತೀರಿಕೊಂಡ ಮೇಲೂ ಆತ ಹೇಳಿಕೊಂಡ ಗುಟ್ಟನ್ನು ಕಾಯುತ್ತೇನೆಂದು ವೈದ್ಯರಿಂದ ಪ್ರತಿಜ್ಞೆ ಮಾಡಿಸುತ್ತದೆ. ಹೇಳಿಕೊಂಡವರು ಸತ್ತರೆ ಏನೆಂಬುದಕ್ಕೆ ಅಲ್ಲಿ ಉತ್ತರವಿದೆ. ಕೇಳಿಸಿಕೊಂಡವರು ಸತ್ತರೆ ಏನೆಂಬುದಕ್ಕೆ ಇಲ್ಲ. ನಮ್ಮ ಕಾನೂನುಗಳಲ್ಲಿಯೂ ಹೀಗೆಯೇ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಗರ್ಭಪಾತ ಮಾಡಿಸಿಕೊಂಡ ಮಹಿಳೆಯ ಹೆಸರು, ವಿವರಗಳನ್ನು ನೋಂದಾಯಿತ ವೈದ್ಯರು ಕಾನೂನು ಅಧಿಕಾರ ಕೊಟ್ಟವರಿಗಲ್ಲದೆ ಬೇರೆಯವರಿಗೆ ತಿಳಿಸಿದರೆ ಒಂದು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು. ಆದರೆ ಆ ಮಹಿಳೆಯನ್ನು ಕೈಹಿಡಿದು ಆಸ್ಪತ್ರೆಗೆ ಕರೆದೊಯ್ದ ಆಶಾ ಕಾರ್ಯಕರ್ತೆಯ ಫೋನನ್ನು ನಾಳೆ ಹಿಡಿಯುವವರಿಗೆ ಈ ನಿಯಮ ಅನ್ವಯಿಸುವುದಿಲ್ಲ. ಎಚ್‌ಐವಿ ಸೋಂಕಿತರ ಮಾಹಿತಿಯ ಗೋಪ್ಯತೆಯನ್ನು ಕಾಯುವ 2017ರ ಕಾಯ್ದೆ ಇದಕ್ಕಿಂತ ವಿಶಾಲವಾಗಿದೆ, ವಿಶ್ವಾಸದ ಮೇಲೆ ತಿಳಿದುಕೊಂಡ ಯಾರೂ ಅದನ್ನು ಬಯಲು ಮಾಡುವಂತಿಲ್ಲ. ಆದರೆ ತೀರಿಕೊಂಡ ತಾಯಿಯ ಫೋನು ತಿರುವಿ ಹಾಕುವ ಮಗನ ಮೇಲೆ ಯಾರ ವಿಶ್ವಾಸವೂ ಇರಲಿಲ್ಲವಲ್ಲ.

ಇನ್ನು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. 2023ರಲ್ಲಿ ಸಂಸತ್ತು ಇದನ್ನು ಅಂಗೀಕರಿಸಿತು, 2025ರ ನವೆಂಬರಿನಲ್ಲಿ ನಿಯಮಗಳು ಪ್ರಕಟವಾದವು, ನಾಗರಿಕರ ಹಕ್ಕುಗಳಿಗೆ ಸಂಬಂಧಿಸಿದ ಭಾಗಗಳು ಅಲ್ಲಿಂದ 18 ತಿಂಗಳ ನಂತರ, ಎಂದರೆ 2027ರ ಮೇ ಹೊತ್ತಿಗೆ ಜಾರಿಗೆ ಬರಬೇಕು. ಅದರ 14ನೇ ಕಲಂ ಸ್ವಾಗತಾರ್ಹ. ಒಬ್ಬ ವ್ಯಕ್ತಿ ತಾನು ಸತ್ತರೆ ಅಥವಾ ಅಸಮರ್ಥನಾದರೆ ತನ್ನ ಮಾಹಿತಿಯ ಮೇಲಿನ ಹಕ್ಕುಗಳನ್ನು ಚಲಾಯಿಸಲು ಇನ್ನೊಬ್ಬರನ್ನು ನಾಮನಿರ್ದೇಶನ ಮಾಡಬಹುದು; ಹಾಗೆ ನೇಮಕವಾದವರು ಕಂಪನಿಯಿಂದ ಮಾಹಿತಿ ಕೇಳಬಹುದು, ತಿದ್ದಿಸಬಹುದು, ಅಳಿಸಲು ಹೇಳಬಹುದು. ನನ್ನ ಆಕ್ಷೇಪ ಇರುವುದು ಆ ಕಾಯ್ದೆ ಮುಟ್ಟದ ಜಾಗದ ಬಗ್ಗೆ. ನಾಮನಿರ್ದೇಶನ ಮಾಡದೆ ಸತ್ತವರಿಗೆ ಏನು ಗತಿ ಎಂದು ಅದು ಹೇಳುವುದಿಲ್ಲ, ಮತ್ತು ನಮ್ಮ ತಾಲ್ಲೂಕಿನಲ್ಲಿ ಹಾಗೆ ಮಾಡಿ ಸಾಯುವವರು ಸದ್ಯಕ್ಕಂತೂ ಯಾರೂ ಇರಲಾರರು. ಅದಕ್ಕಿಂತ ಮುಖ್ಯವಾದದ್ದು, ವ್ಯಕ್ತಿಯೊಬ್ಬ ಸ್ವಂತಕ್ಕೆ ಅಥವಾ ಮನೆಯ ಬಳಕೆಗೆ ಇಟ್ಟುಕೊಂಡ ಮಾಹಿತಿಗೆ ಈ ಕಾಯ್ದೆಯೇ ಅನ್ವಯಿಸುವುದಿಲ್ಲ. ಕಂಪನಿಯ ಕಂಪ್ಯೂಟರಿನಲ್ಲಿರುವ ಪ್ರತಿಗೆ ಕಾನೂನು ಬೇಲಿ ಹಾಕಿತು. ಜಗುಲಿಯ ಮೇಲೆ ಕೈಯಿಂದ ಕೈಗೆ ಹೋಗುವ ಪ್ರತಿಗೆ ಹಾಕಲಿಲ್ಲ.

ನ್ಯಾಯಾಲಯಗಳ ಮಾತನ್ನೂ ಇಲ್ಲಿ ಪ್ರಸ್ತಾಪಿಸಬೇಕು. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, ಅವರು 2024ರ ಅಕ್ಟೋಬರಿನಲ್ಲಿ ನಿಧನರಾದರು. ಆ ಹಕ್ಕು ವ್ಯಕ್ತಿಯ ಜೊತೆಗೇ ಮುಗಿಯುತ್ತದೆ, ವಾರಸುದಾರರಿಗೆ ಬರುವುದಿಲ್ಲ ಎಂದು ಜಯಲಲಿತಾ ಅವರ ಕುರಿತ ಪ್ರಕರಣದಲ್ಲಿ 2021ರಲ್ಲಿ ಮದ್ರಾಸ್ ಹೈಕೋರ್ಟ್, ನಟ ಸುಶಾಂತ್ ಸಿಂಗ್ ರಜಪೂತ್ ಅವರ ಕುರಿತ ಪ್ರಕರಣದಲ್ಲಿ 2023ರಲ್ಲಿ ದೆಹಲಿ ಹೈಕೋರ್ಟ್ ಅಭಿಪ್ರಾಯಪಟ್ಟಿವೆ. ಇವೆರಡೂ ಪ್ರಸಿದ್ಧರ ಬದುಕನ್ನು ಸಿನಿಮಾ ಮಾಡುವ ವಿಚಾರದ ಮೊಕದ್ದಮೆಗಳು. ಸತ್ತ ನಾಯಕಿಯ ಬಗ್ಗೆ ಚಿತ್ರ ತೆಗೆಯಬಾರದೆಂದು ನಾನು ಹೇಳಲಾರೆ, ಹಾಗೆ ಹೇಳಿದರೆ ಇತಿಹಾಸ ಬರೆಯುವುದೂ ನಿಂತೀತು. ಆದರೆ ಅದೇ ತರ್ಕವನ್ನು ಹಳ್ಳಿಯ ಹೆಂಗಸಿನ ಫೋನಿಗೆ ಎಳೆದು ತಂದರೆ, ಆಕೆಯ ಜೊತೆ ಮಾತಾಡಿದ ಬದುಕಿರುವವರ ಹಕ್ಕನ್ನೂ ಆಕೆಯ ಜೊತೆಗೇ ಸುಟ್ಟಂತಾಗುತ್ತದೆ. ಶವಕ್ಕೂ ಘನತೆಯುಂಟು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ಸತ್ತವರ ಮೇಲೆ ಇಲ್ಲದ ಆರೋಪ ಹೊರಿಸಿ ಮನೆಯವರ ಮನಸ್ಸು ನೋಯಿಸಿದರೆ ಅದು ಮಾನನಷ್ಟವಾಗಬಹುದು ಎಂದು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಹೇಳುತ್ತದೆ. ಎಂದರೆ ಸತ್ತವರ ವಿಚಾರದಲ್ಲಿ ಕಾನೂನು ಪೂರ್ತಿ ಕಣ್ಣು ಮುಚ್ಚಿಕೊಂಡಿಲ್ಲ.

ಅರಿವು ಕೇಂದ್ರಕ್ಕೆ ಬರುವವರಿಂದ ನಾನು ಕಂಡ ಇನ್ನೆರಡು ಸಂಗತಿಗಳನ್ನು ಹೇಳಿ ಮನವಿಗೆ ಬರುತ್ತೇನೆ.

ಮೊದಲನೆಯದು ನಂಬರಿನದು. ಸತ್ತವರ ಸಿಮ್‌ಗೆ ಕರೆನ್ಸಿ ಹಾಕಿಸದೆ ಬಿಟ್ಟರೆ ಕೆಲವು ತಿಂಗಳಿಗೆ ಅದು ನಿಂತುಹೋಗುತ್ತದೆ. ನಿಂತ ಮೇಲೆ 90 ದಿನ ಅದನ್ನು ಬೇರೆಯವರಿಗೆ ಕೊಡುವಂತಿಲ್ಲ, ಅದಾದ ಮೇಲೆ ಕೊಡಬಹುದು. 2023ರಲ್ಲಿ ಈ ವಿಚಾರ ಸುಪ್ರೀಂ ಕೋರ್ಟಿಗೆ ಹೋದಾಗ, ಹಳೆಯ ಗ್ರಾಹಕರು ತಮ್ಮ ವಾಟ್ಸ್‌ಆ್ಯಪ್ ಖಾತೆಯನ್ನು ಅಳಿಸಿ ತಮ್ಮ ಖಾಸಗಿತನವನ್ನು ಕಾಯ್ದುಕೊಳ್ಳಬಹುದು ಎಂಬ ಮಾತು ಬಂತು. ಬದುಕಿರುವ ಗ್ರಾಹಕನಿಗೆ ಅದು ಒಪ್ಪುವ ಮಾತು. ಸತ್ತ ಗ್ರಾಹಕ ಹೇಗೆ ಅಳಿಸಿಯಾನು? ತನ್ನ ತಂದೆಯ ನಂಬರಿಗೆ ಹಳೆಯ ನೆನಪಿಗೆಂದು ಕರೆ ಮಾಡಿದ ಹುಡುಗಿಯೊಬ್ಬಳಿಗೆ ಯಾರೋ ಅಪರಿಚಿತರು ಹಲೋ ಎಂದರಂತೆ. ಆ ನಂಬರು ಇನ್ನೂ ತಂದೆಯ ಬ್ಯಾಂಕ್ ಖಾತೆಗೆ ಜೋಡಣೆಯಾಗಿಯೇ ಇತ್ತು. ಆಧಾರ್ ಸಂಖ್ಯೆಯಲ್ಲಿ ಈ ತೊಡಕಿಲ್ಲ. ಒಬ್ಬರಿಗೆ ಕೊಟ್ಟ ಆಧಾರ್ ಸಂಖ್ಯೆಯನ್ನು ಅವರು ಸತ್ತ ಮೇಲೂ ಇನ್ನೊಬ್ಬರಿಗೆ ಕೊಡುವುದಿಲ್ಲ, ಮತ್ತು ಮೃತರ 2 ಕೋಟಿಗೂ ಹೆಚ್ಚು ಆಧಾರ್ ಸಂಖ್ಯೆಗಳನ್ನು ನಿಷ್ಕ್ರಿಯಗೊಳಿಸಿರುವುದಾಗಿ ಪ್ರಾಧಿಕಾರವು 2025ರ ನವೆಂಬರಿನಲ್ಲಿ ತಿಳಿಸಿದೆ. ಆದರೆ ದಿನನಿತ್ಯದ ಬಾಗಿಲುಗಳೆಲ್ಲ ತೆರೆಯುವುದು ಮೊಬೈಲ್ ನಂಬರಿನಿಂದ.

ಎರಡನೆಯದು ತಾಲ್ಲೂಕು ಕೇಂದ್ರಗಳ ಜೆರಾಕ್ಸ್ ಮತ್ತು ಕಂಪ್ಯೂಟರ್ ಅಂಗಡಿಗಳದು. ಮನೆಯಲ್ಲಿ ಒಂದು ಸಾವಾದರೆ ಬಡವರು ಮೊದಲು ಹೋಗುವುದು ಅಲ್ಲಿಗೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಆಧಾರ್, ಪಾಸ್‌ಪುಸ್ತಕ, ಪಹಣಿ, ಎಲ್ಲವನ್ನೂ ಅವರು ಸ್ಕ್ಯಾನ್ ಮಾಡುತ್ತಾರೆ. ನಾನು ಹೋಗಿದ್ದ ಒಂದು ಅಂಗಡಿಯ ಕಂಪ್ಯೂಟರಿನ ತೆರೆಯ ತುಂಬ ಮೃತರ ಹೆಸರುಗಳೇ ಇದ್ದವು, ಒಂದೊಂದು ಹೆಸರಿಗೂ ಒಂದು ಫೋಲ್ಡರ್, ಮುಂದೆ ಊರಿನ ಹೆಸರು. ಗಿರಾಕಿ ಮತ್ತೆ ಬಂದರೆ ಸುಲಭವಾಗಲಿ ಎಂದು ಇಟ್ಟಿದ್ದೇನೆ ಎಂದರು ಅಂಗಡಿಯವರು. ಅವರಲ್ಲಿ ಕೆಟ್ಟ ಉದ್ದೇಶ ನನಗೆ ಕಾಣಲಿಲ್ಲ. ಆದರೆ ನಾನು ಜೆರಾಕ್ಸ್‌ಗೆ ಕಾಯುತ್ತ ನಿಂತಿದ್ದವನು ನಾಲ್ಕೈದು ಮನೆಗಳ ಸಾವನ್ನು, ಅವರ ಸರ್ವೆ ನಂಬರ್ ಸಮೇತ, ಓದಿಬಿಟ್ಟೆ.

ಮಾನ್ಯರೇ, ಸತ್ತವರ ಹೆಸರಿನಲ್ಲಿ ಒಂದು ಗುಂಟೆ ಜಮೀನಿದ್ದರೂ ನಮ್ಮ ಸರ್ಕಾರ ಅದನ್ನು ಹಾಗೆ ಬಿಡುವುದಿಲ್ಲ. ಪೌತಿ ಖಾತೆ ಎಂಬ ವ್ಯವಸ್ಥೆಯಿದೆ, ಅರ್ಜಿಯಿದೆ, ಆಕ್ಷೇಪಣೆಗೆ ಅವಕಾಶವಿದೆ, ಕೊನೆಗೆ ಪಹಣಿಯಲ್ಲಿ ಹೆಸರು ಬದಲಾಗುತ್ತದೆ. ಬ್ಯಾಂಕಿನಲ್ಲಿ 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು. ಫೋನಿನೊಳಗಿನದಕ್ಕೆ ಮಾತ್ರ ಪೌತಿಯೂ ಇಲ್ಲ, ಆಕ್ಷೇಪಣೆಗೆ ಅವಕಾಶವೂ ಇಲ್ಲ, ಕೈಗೆ ಸಿಕ್ಕವರೇ ಖಾತೆದಾರರು. ದೆಹಲಿಯಲ್ಲಿ ಕಾನೂನು ತಿದ್ದುವುದು ತಮ್ಮ ಕೈಯಲ್ಲಿಲ್ಲ ಎಂಬುದನ್ನು ಬಲ್ಲೆ. ಆದರೆ ಜಿಲ್ಲೆಯಲ್ಲಿಯೇ, ಹೆಚ್ಚಿನ ಖರ್ಚಿಲ್ಲದೆ, ತಾವು ಮಾಡಬಹುದಾದದ್ದು ಸಾಕಷ್ಟಿದೆ.

ಎಲ್ಲಕ್ಕಿಂತ ಮುಖ್ಯವಾದ ನನ್ನ ಮನವಿ ಆಶಾ ಕಾರ್ಯಕರ್ತೆಯರ ಬಗ್ಗೆ. ಊರಿನ ಆರೋಗ್ಯದ ಕೆಲಸಕ್ಕೆಂದು ಅವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ಹೆಸರಿನಲ್ಲಿ ಒಂದು ಸಿಮ್ ಕೊಡಿಸಬೇಕು. ಫೋನೂ ಕೊಡಿಸಿದರೆ ಇನ್ನೂ ಒಳ್ಳೆಯದು. ನಂಬರು ಹುದ್ದೆಗೆ ಸೇರಿದ್ದಾದರೆ ಕಾರ್ಯಕರ್ತೆ ತೀರಿಕೊಂಡರೂ ಕೆಲಸ ಬಿಟ್ಟರೂ ಅದು ಮುಂದಿನವರಿಗೆ ಹೋಗುತ್ತದೆ, ‘ಅಕ್ಕಾ’ ಎಂದು ಕರೆದ ಹೆಣ್ಣುಮಗಳಿಗೆ ಆ ಕಡೆಯಿಂದ ಒಬ್ಬ ಅಕ್ಕನೇ ಸಿಗುತ್ತಾಳೆ. ಇದು ಆಗುವವರೆಗೆ, ಕಾರ್ಯಕರ್ತೆಯೊಬ್ಬರು ತೀರಿಕೊಂಡ ವಾರದೊಳಗೆ ಆಶಾ ಸುಗಮಕಾರರು ಮತ್ತು ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಆ ಮನೆಗೆ ಹೋಗಬೇಕು. ಮನೆಯವರ ಒಪ್ಪಿಗೆ ಪಡೆದು, ಅವರ ಎದುರಿನಲ್ಲಿಯೇ ಕೆಲಸಕ್ಕೆ ಬೇಕಾದ ದಾಖಲೆಗಳನ್ನು ಕೇಂದ್ರಕ್ಕೆ ತೆಗೆದುಕೊಂಡು, ಊರವರ ಫೋಟೊ, ವರದಿಗಳನ್ನು ಫೋನಿನಿಂದಲೂ ಅದು ಜೋಡಣೆಯಾಗಿರುವ ಗೂಗಲ್ ಖಾತೆಯಿಂದಲೂ ಅಳಿಸಿಸಬೇಕು; ಫೋನಿನಲ್ಲಿ ಅಳಿಸಿದ್ದು ಖಾತೆಯ ಕಸದಬುಟ್ಟಿಯಲ್ಲಿ ಕೆಲಕಾಲ ಉಳಿದಿರುತ್ತದೆ, ಎಷ್ಟೋ ಜನ ಇದನ್ನು ಮರೆಯುತ್ತಾರೆ. ಇಲಾಖೆಯ ವಾಟ್ಸ್‌ಆ್ಯಪ್ ಗುಂಪುಗಳಿಂದ ಆ ನಂಬರನ್ನು ಅದೇ ದಿನ ತೆಗೆಯಬೇಕು. ಸುಪರ್ದಿಯ ಪ್ರತಿ ಮನೆಗೂ ಹೋಗಿ, ಇನ್ನು ಮೇಲೆ ಯಾರಿಗೆ ಫೋನ್ ಮಾಡಬೇಕು ಎಂದು ಬಾಯಿಮಾತಿನಲ್ಲಿ ತಿಳಿಸಬೇಕು. ಗೋಡೆಗೆ ಚೀಟಿ ಅಂಟಿಸಿದರೆ ಸಾಲದು, ಓದಲು ಬಾರದವರೇ ಹೆಚ್ಚಾಗಿ ಆಕೆಯನ್ನು ನೆಚ್ಚಿಕೊಂಡವರು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ದಾಖಲೆ ಪಡೆಯುವ ನೆಪದಲ್ಲಿ ಯಾರೂ ಫೋನನ್ನು ಕಚೇರಿಗೆ ಒಯ್ಯುವಂತಾಗಬಾರದು. ಅತ್ತಿಗೆಯ ಫೋನಿನಲ್ಲಿ ಅವರ ಸ್ವಂತದ್ದೂ ಇತ್ತು: ಅಣ್ಣನ ಜೊತೆಗಿನ ಜಗಳ, ಸಾಲಗಾರರ ಮೆಸೇಜು, ಹಿರಿಯ ಮಗಳಿಗೆ ರಾತ್ರಿ ಹೊತ್ತು ಕಳಿಸುತ್ತಿದ್ದ ಹಾಡುಗಳು. ಊರಿನ ಗುಟ್ಟನ್ನು ಕಾಯಲು ಹೋಗಿ ಅವರ ಗುಟ್ಟನ್ನು ಕಚೇರಿಯ ಮೇಜಿಗೆ ತಂದರೆ ಏನು ಬಂದಂತಾಯಿತು? ಮಹಿಳಾ ಸಿಬ್ಬಂದಿಯೇ ಹೋಗಲಿ, ಮನೆಯವರ ಎದುರೇ ನಡೆಯಲಿ, ಅಲ್ಲಿಯೇ ಮುಗಿಯಲಿ.

ಎರಡನೆಯ ಮನವಿ, ಮರಣ ಪ್ರಮಾಣಪತ್ರ ಕೊಡುವ ಕಡೆಯಲ್ಲೆಲ್ಲ ಅದರ ಜೊತೆಗೆ ಕನ್ನಡದಲ್ಲಿ ಒಂದು ಹಾಳೆ ಕೊಡಿಸಬೇಕು. ಗಡಿಭಾಗದ ಪಾವಗಡದ ಕಡೆ ತೆಲುಗಿನಲ್ಲೂ ಇರಲಿ. ಬ್ಯಾಂಕ್, ಗ್ಯಾಸ್, ಪಿಂಚಣಿಗಳಲ್ಲಿ ನಂಬರ್ ಬದಲಾಯಿಸುವವರೆಗೆ ಸಿಮ್ ನಿಲ್ಲಿಸಬೇಡಿ. ಬದಲಾಯಿಸಿದ ಮೇಲೆ ವಾಟ್ಸ್‌ಆ್ಯಪ್ ಖಾತೆಯನ್ನು ಅಳಿಸಿ, ನಂತರವೇ ನಂಬರು ಬಿಡಿ. ಮೃತರ ಆಧಾರ್ ಕಾರ್ಡನ್ನು ಶ್ರದ್ಧಾಂಜಲಿಯ ಸ್ಟೇಟಸ್‌ಗೆ ಹಾಕಬೇಡಿ. ಫೋನು ಮಾರುವ ಮುಂಚೆ ಖಾತೆಯಿಂದ ಹೊರಬಂದು ಪೂರ್ತಿ ಖಾಲಿ ಮಾಡಿ. ಇಷ್ಟು ಬರೆದರೂ ಬಹುಪಾಲು ಅನಾಹುತ ತಪ್ಪುತ್ತದೆ. ಹಾಳೆಯ ಹಿಂಬದಿಯಲ್ಲಿ ಬದುಕಿರುವವರಿಗಾಗಿ ನಾಲ್ಕು ಸಾಲು ಇರಲಿ. ಗೂಗಲ್ ಖಾತೆಯಲ್ಲಿ, 3ರಿಂದ 18 ತಿಂಗಳವರೆಗೆ ಬಳಸದಿದ್ದರೆ ಯಾರಿಗೆ ಏನನ್ನು ಕೊಡಬೇಕು, ಅಥವಾ ಎಲ್ಲವನ್ನೂ ಅಳಿಸಬೇಕೇ ಎಂದು ಮೊದಲೇ ಹೇಳಿಡಬಹುದು. ಈ ಸೌಲಭ್ಯ 2013ರಿಂದ ಇದೆ. ಫೇಸ್‌ಬುಕ್‌ನಲ್ಲಿ 2015ರಿಂದ ಉತ್ತರಾಧಿಕಾರಿಯೊಬ್ಬರನ್ನು ಹೆಸರಿಸಬಹುದು, ಅವರು ಪುಟವನ್ನು ನೋಡಿಕೊಳ್ಳಬಲ್ಲರು, ಆದರೆ ಖಾಸಗಿ ಮೆಸೇಜುಗಳನ್ನು ಓದಲಾರರು. ನನ್ನ ಮಟ್ಟಿಗೆ ಇದು ಬಹಳ ವಿವೇಕದ ಏರ್ಪಾಡು, ಕಾನೂನು ಮಾಡುವವರೂ ಗಮನಿಸಬೇಕಾದದ್ದು: ನಿರ್ವಹಿಸುವ ಅಧಿಕಾರ ಬೇರೆ, ಓದುವ ಅಧಿಕಾರ ಬೇರೆ. ಹಾಗೆಯೇ, ಆಸ್ತಿಯ ವಿಚಾರವನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟರೆ ಉಯಿಲಾಗುತ್ತದೆ ಎಂಬ ತಪ್ಪು ತಿಳಿವಳಿಕೆ ನಮ್ಮ ಹಿರಿಯರಲ್ಲಿ ಬೆಳೆಯುತ್ತಿದೆ. ಉಯಿಲಿಗೆ ಈಗಲೂ ಕಾಗದ, ಸಹಿ, ಇಬ್ಬರು ಸಾಕ್ಷಿಗಳು ಬೇಕೆಂಬುದನ್ನೂ ಒಂದು ಸಾಲಿನಲ್ಲಿ ಸೇರಿಸಿ.

ಮೂರನೆಯದು, ಸರ್ಕಾರದ ಸೇವೆಗಳನ್ನು ಕೊಡಲು ಅನುಮತಿ ಪಡೆದ ಕೇಂದ್ರಗಳು ಗ್ರಾಹಕರ ಕೆಲಸ ಮುಗಿದೊಡನೆ ಸ್ಕ್ಯಾನ್ ಮಾಡಿದ ಪ್ರತಿಗಳನ್ನು ಅಳಿಸಬೇಕೆಂದು ಷರತ್ತು ಹಾಕಿ, ಆಗಾಗ ಪರಿಶೀಲಿಸಬೇಕು. ಖಾಸಗಿ ಅಂಗಡಿಗಳಿಗೆ ಕನಿಷ್ಠ ಒಂದು ತಿಳಿವಳಿಕೆ ಪತ್ರವಾದರೂ ಹೋಗಲಿ.

ಕೊನೆಯದಾಗಿ, ಜಿಲ್ಲೆಯ ಅನುಭವವನ್ನು ಆಧರಿಸಿ ತಾವು ರಾಜ್ಯ ಸರ್ಕಾರದ ಮೂಲಕ ಕೇಂದ್ರಕ್ಕೆ ಒಂದು ಪ್ರಸ್ತಾವನೆ ಕಳುಹಿಸಬೇಕೆಂದು ಕೋರುತ್ತೇನೆ. ನಾಮನಿರ್ದೇಶನ ಮಾಡದೆ ಸತ್ತವರ ಬಗ್ಗೆ ಸ್ಪಷ್ಟ ನಿಯಮ ಬೇಕು. ಎಸ್ಟೋನಿಯಾ ದೇಶದಲ್ಲಿ ವ್ಯಕ್ತಿ ಸತ್ತ ನಂತರವೂ ಹತ್ತು ವರ್ಷ, ಸತ್ತವರು ಅಪ್ರಾಪ್ತರಾದರೆ ಇಪ್ಪತ್ತು ವರ್ಷ, ಅವರ ಮಾಹಿತಿಗೆ ರಕ್ಷಣೆಯಿದೆ. ಫ್ರಾನ್ಸಿನಲ್ಲಿ 2016ರ ಕಾನೂನಿನಂತೆ ಪ್ರತಿಯೊಬ್ಬರೂ ತಮ್ಮ ಮಾಹಿತಿ ಮುಂದೇನಾಗಬೇಕೆಂದು ಸೂಚನೆ ಬರೆದಿಡಬಹುದು. ಜರ್ಮನಿಯ ಫೆಡರಲ್ ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಇದಕ್ಕೆ ವಿರುದ್ಧ ದಿಕ್ಕಿಗೆ ಹೋಗಿ, ತೀರಿಕೊಂಡ ಹದಿನೈದು ವರ್ಷದ ಹುಡುಗಿಯ ಫೇಸ್‌ಬುಕ್ ಖಾತೆಯನ್ನು, ಪತ್ರ, ದಿನಚರಿಗಳಂತೆ ಅದೂ ವಾರಸಿಕೆಯಾಗುತ್ತದೆ ಎಂದು, ತಂದೆತಾಯಿಗೆ ಕೊಡಿಸಿತು. ಮಗಳು ಹೇಗೆ ಸತ್ತಳೆಂದು ತಿಳಿಯಲು ಹಂಬಲಿಸಿದ ಆ ತಂದೆತಾಯಿಯ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಆ ಹುಡುಗಿಗೆ ಬರೆದ ಗೆಳತಿಯರನ್ನು ಯಾರೂ ಕೇಳಲಿಲ್ಲವೆಂಬುದು ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಹಾಗೆಯೇ, ಮರಣ ನೋಂದಣಿಯಾದವರ ಮೊಬೈಲ್ ನಂಬರನ್ನು ಸಾಮಾನ್ಯ ನಂಬರಿನಂತೆ 90 ದಿನಕ್ಕೇ ಇನ್ನೊಬ್ಬರಿಗೆ ಕೊಡದೆ, ಬ್ಯಾಂಕ್ ಮುಂತಾದ ಕಡೆಗಳಲ್ಲಿನ ಜೋಡಣೆ ಕಳಚುವವರೆಗೆ ತಡೆಹಿಡಿಯುವ ವ್ಯವಸ್ಥೆ ಆಗಬೇಕು. ಮರಣ ನೋಂದಣಿಯ ಮಾಹಿತಿಯನ್ನು ಆಧಾರ್ ಪ್ರಾಧಿಕಾರಕ್ಕೆ ಮುಟ್ಟಿಸಲು ಸಾಧ್ಯವಿರುವ ಸರ್ಕಾರಕ್ಕೆ ದೂರಸಂಪರ್ಕ ಕಂಪನಿಗಳಿಗೆ ಮುಟ್ಟಿಸುವುದು ಅಸಾಧ್ಯವೇನಲ್ಲ.

ಮೇಲೆ ಹೇಳಿದ ಹಾಳೆಯ ಕರಡನ್ನು ನಾನೇ ಬರೆದು ಲಗತ್ತಿಸಿದ್ದೇನೆ. ತಜ್ಞರಿಂದ ತಿದ್ದಿಸಿ ಬಳಸಿಕೊಳ್ಳಬಹುದು, ನನ್ನ ಹೆಸರು ಬೇಕಾಗಿಲ್ಲ. ಜಿಲ್ಲಾ ಪಂಚಾಯಿತಿಯಿಂದ ಒಂದು ಸುತ್ತೋಲೆ ಬಂದರೆ ಜಿಲ್ಲೆಯ ಎಲ್ಲ ಅರಿವು ಕೇಂದ್ರಗಳಲ್ಲಿ ತಿಂಗಳಿಗೊಂದು ದಿನ ಈ ವಿಚಾರವನ್ನು ಜನರಿಗೆ ತಿಳಿಸುವ ಕೆಲಸವನ್ನು ನಾವು ಮೇಲ್ವಿಚಾರಕರು ಸಂತೋಷದಿಂದ ಮಾಡುತ್ತೇವೆ. ಆಶಾ ಕಾರ್ಯಕರ್ತೆಯರ ಸಿಮ್ ವಿಚಾರವನ್ನು ಮುಂದಿನ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆಯ ಕಾರ್ಯಸೂಚಿಗೆ ಸೇರಿಸಿ, ಅಲ್ಲಿ ಆದ ತೀರ್ಮಾನವನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿಸಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ತುಮಕೂರು ಜಿಲ್ಲೆಯ ಒಬ್ಬ ಗ್ರಂಥಾಲಯ ಮೇಲ್ವಿಚಾರಕ

ಪ್ರತಿ: ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ತುಮಕೂರು ಇವರಿಗೆ, ಮಾಹಿತಿ ಮತ್ತು ಕ್ರಮಕ್ಕಾಗಿ.